ಎದೆಯ ಬಿಲ್ಲೆ ಓದುತ್ತಿದ್ದ ಉಚ್ಚಂಗಪ್ಪನವರು

ಉಚ್ಚಂಗಪ್ಪನವರ ಹೆಸರನ್ನು ನಾನು ಮೊದಲು ಕೇಳಿದ್ದು ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ. ಕೇಳಿದ್ದು ಅನ್ನುವುದಕ್ಕಿಂತ ಓದಿದ್ದು. ಅವತ್ತು ಶಿರಾಳಕೊಪ್ಪದಲ್ಲಿ ಸಂತೆ. ನಮ್ಮ ಮಾವನವರ ಬಟ್ಟೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಪಾಲಿನವನು ಬೊಂಬಾಯಿಯ ಕಾಗದವನ್ನು ಹಿತ್ತಲ ಬಾಗಿಲಿಗೆ ತಂದು ಕೊಟ್ಟು ಹೋದ. ಓದಿ ಹೇಳುವ ಗಂಡಸರೆಲ್ಲ ಅಂಗಡಿಯಲ್ಲಿದ್ದರು. ಅತ್ತೆ ಮಹಾದೇವಮ್ಮನವರಿಗೆ ಸಂಜೆಯವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

"ನೀನು ಮೂರನೇ ಕ್ಲಾಸು ಓದೀಯಲ್ಲ ನೀಲಾ, ಒಡೆದು ಓದು" ಅಂದರು.

ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಕಾಗದ ನಮ್ಮ ಯಜಮಾನರದು. ಅವರ ಹೆಸರು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಒಮ್ಮೆ ಬರೆದುಬಿಡುತ್ತೇನೆ, ಸದಾಶಿವಪ್ಪ. ಅಂಗಡಿಯಲ್ಲಿ ಬಟ್ಟೆ ಅಳೆಯುವ ಗಜ ಹಿಡಿದು ಕೂರಲು ಮನಸ್ಸಿಲ್ಲದೆ ಭದ್ರಾವತಿಗೆ ಹೋಗಿ ಫಿಟ್ಟರ್ ಕೆಲಸ ಕಲಿತು, ಅಲ್ಲಿಂದ ಬೊಂಬಾಯಿಯ ಹತ್ತಿರದ ಒಂದು ಸರ್ಕಾರಿ ಸಂಶೋಧನಾ ಕೇಂದ್ರ ಸೇರಿದ್ದರು. ಅಣುವಿನ ಕೆಲಸ ಅನ್ನುತ್ತಿದ್ದರು. ಮದುವೆಯಾಗಿ ವರ್ಷವಾಗಿದ್ದರೂ ಮನೆ ಸಿಕ್ಕಿರಲಿಲ್ಲವಾದ್ದರಿಂದ ನಾನು ಅತ್ತೆಯ ಜೊತೆಯಲ್ಲೇ ಇದ್ದೆ. ಕಾಗದದಲ್ಲಿ ಹೀಗಿತ್ತು: "ಇಲ್ಲಿ ನಮ್ಮ ಸೀಮೆಯವರೇ ಒಬ್ಬರು ಸಿಕ್ಕಿದ್ದಾರೆ. ಸೊರಬದ ಹತ್ತಿರ ಕುಪ್ಪಗಡ್ಡೆಯವರು, ಉಚ್ಚಂಗಪ್ಪ ಎಂದು. ನಮ್ಮೆಲ್ಲರ ಎದೆಯ ಮೇಲಿನ ಬಿಲ್ಲೆಯನ್ನು ನೋಡುವುದೇ ಅವರ ಕೆಲಸ."

ಅತ್ತೆ ಕಾಳು ಆರಿಸುವುದನ್ನು ನಿಲ್ಲಿಸಿದರು. "ಎದೆ ಮ್ಯಾಲಿನ ಬಿಲ್ಲೆ ನೋಡೋಕೆ ಒಬ್ಬ ಮನುಷ್ಯನ್ನ ಇಟ್ಕಂಡಾರಾ? ಸರ್ಕಾರಕ್ಕೆ ಬ್ಯಾರೆ ಕೆಲ್ಸ ಇಲ್ಲೇನು?"

ನಾನೂ ನಕ್ಕೆ. ನಮ್ಮ ಪಾಲಿಗೆ ಬಿಲ್ಲೆ ಅಂದರೆ ತಾಲ್ಲೂಕು ಕಚೇರಿ ಜವಾನನ ಹಿತ್ತಾಳೆ ಬಿಲ್ಲೆ. ಅದನ್ನು ನೋಡುವುದಕ್ಕೆ ಏನಿದೆ?

ಆ ವರ್ಷದ ನವರಾತ್ರಿಗೆ ಯಜಮಾನರು ಹತ್ತು ದಿನದ ರಜೆ ಹಾಕಿ ಬಂದರು. ಹಾವೇರಿಯಲ್ಲಿ ರೈಲು ಇಳಿದು, ಬಸ್ಸು ಹಿಡಿದು, ಮೈಯೆಲ್ಲ ಧೂಳಾಗಿ ಮನೆಗೆ ಬಂದು ಅಂಗಿ ಬಿಚ್ಚಿದವರು "ಅಯ್ಯೋ ಶಿವನೇ" ಅಂದರು. ಅಂಗಿಯ ಜೇಬಿಗೆ ಆ ಬಿಲ್ಲೆ ಸಿಕ್ಕಿಸಿಕೊಂಡೇ ಇತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದು, ತಗಡಿನದು, ಹಿಂದೆ ಕೊಂಡಿ, ಒಳಗೆ ಕಪ್ಪು ಕಾಗದದ ಪೊಟ್ಟಣ.

"ಏನ್ರೀ ಇದು?"

"ಇದು ನನ್ನ ಕಾಯೋದು ಕಣೆ. ಇದು ಎದೆ ಮೇಲಿಲ್ಲದೆ ಒಳಗೆ ಬಿಡಲ್ಲ. ಹೊರಗೆ ಬರೋವಾಗ ಗೇಟಿನ ಹಲಗೆ ಮೊಳೆಗೆ ಸಿಕ್ಕಿಸಿ ಬರಬೇಕು. ರೈಲಿಗೆ ಹೊತ್ತಾಯ್ತು ಅಂತ ಓಡಿ ಬಂದ್ಬಿಟ್ಟೆ. ಗೊತ್ತಾದ್ರೆ ಕೆಲ್ಸಕ್ಕೇ ಸಂಚಕಾರ. ಯಾರಿಗೂ ಹೇಳ್ಬ್ಯಾಡ. ಜೋಪಾನವಾಗಿ ಎತ್ತಿಡು."

ಅಷ್ಟು ಹೇಳಿ ಅವರು ಸ್ನಾನಕ್ಕೆ ಹೋದರು. ಜೋಪಾನವಾಗಿಡು ಅಂದರೆ ನಾನು ಎಲ್ಲಿಡಬೇಕು? ಗಂಡನನ್ನು ಕಾಯುವ ವಸ್ತು, ಎದೆಯ ಮೇಲೆ ಇರುವಂಥದು. ನಮ್ಮ ಜನ ಎದೆಯ ಮೇಲೆ ಧರಿಸುವುದು ಲಿಂಗವನ್ನು. ಅದನ್ನು ಹೇಗೆ ನಡೆಸಿಕೊಳ್ಳಬೇಕೆಂದು ನನಗೆ ಹುಟ್ಟಿದಾಗಿನಿಂದ ಗೊತ್ತು. ನೆಲಕ್ಕೆ ಸೋಕಿಸಬಾರದು, ಬಟ್ಟೆಯ ರಾಶಿಯಲ್ಲಿ ಹಾಕಬಾರದು. ಬಿಲ್ಲೆಯನ್ನು ತೆಗೆದುಕೊಂಡು ಹೋಗಿ ದೇವರ ಜಗಲಿಯ ಮೂಲೆಯಲ್ಲಿ ಇಟ್ಟೆ. ನವರಾತ್ರಿಯ ನಂದಾದೀಪ ಅಲ್ಲೇ ಉರಿಯುತ್ತಿತ್ತು. ದೊಡ್ಡ ಹಣತೆ, ಹೆಬ್ಬೆರಳು ದಪ್ಪದ ಬತ್ತಿ. ಅದಕ್ಕೂ ಬಿಲ್ಲೆಗೂ ನಾಲ್ಕು ಬೆರಳು ದೂರ ಇದ್ದಿರಬಹುದು.

ಆಯುಧಪೂಜೆಯ ದಿನ ಮಾವನವರು ಅಂಗಡಿಯ ಗಜ, ಕತ್ತರಿ ತಂದಿಟ್ಟರು. ಅತ್ತೆ ಕುಡುಗೋಲು, ಈಳಿಗೆ ಇಟ್ಟರು. ನನ್ನ ಗಂಡನದೂ ಒಂದು ಕೆಲಸವಲ್ಲವೇ, ಅದರದ್ದೊಂದು ವಸ್ತು ಬೇಡವೇ ಅನ್ನಿಸಿ ಬಿಲ್ಲೆಗೂ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಒಂದು ಸೇವಂತಿಗೆ ಏರಿಸಿದೆ. ಯಾರೂ ಗಮನಿಸಲಿಲ್ಲ. ಮುಟ್ಟಿದಾಗ ತಗಡು ಬೆಚ್ಚಗಿತ್ತು. ದೇವರ ಶಕ್ತಿ ಅಂದುಕೊಂಡೆ. ಹತ್ತೊಂಬತ್ತು ವರ್ಷ ನನಗೆ, ಇನ್ನೇನು ಅಂದುಕೊಳ್ಳಲಿ? ಅವರು ಹೊರಡುವ ಬೆಳಿಗ್ಗೆ ಸೆರಗಿನಿಂದ ಒರೆಸಿ ಅಂಗಿಯ ಜೇಬಿಗೆ ಹಾಕಿ ಕೊಟ್ಟೆ. ಎಲ್ಲಿಟ್ಟಿದ್ದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ, ಮುನ್ಸೂಚನೆ ಇಲ್ಲದೆ ಯಜಮಾನರು ಮತ್ತೆ ಬಂದರು. ಆಗ ನನಗೆ ಎರಡು ತಿಂಗಳು. ಅತ್ತೆ ಆ ಸುದ್ದಿಯನ್ನು ಬಾಗಿಲಲ್ಲೇ ಹೇಳಿದರು. ಹಿಗ್ಗಬೇಕಾದ ಮನುಷ್ಯ ಬಣ್ಣ ಕಳೆದುಕೊಂಡು ಜಗಲಿಕಟ್ಟೆಯ ಮೇಲೆ ಕುಕ್ಕರಿಸಿದರು. ಒಳಗೇ ಬರಲಿಲ್ಲ. ಅವತ್ತಿನಿಂದ ಹಾಸಿಗೆ ಹೊರಗೆ, ಊಟಕ್ಕೆ ಬೇರೆ ತಟ್ಟೆ. ನಾನು ನೀರು ಕೊಡಲು ಹೋದರೆ "ಅಲ್ಲೇ ಇಟ್ಟು ಹೋಗು" ಅನ್ನುವರು. ಮೂರು ದಿನ ತಡೆದೆ. ನಾಲ್ಕನೇ ದಿನ ಬಾವಿಯ ಹತ್ತಿರ ಹಿಡಿದು ನಿಲ್ಲಿಸಿದೆ.

"ನಾನೇನು ತಪ್ಪು ಮಾಡೀನಿ ಹೇಳ್ರಿ."

"ನೀನಲ್ವೇ. ನನ್ನ ಬಿಲ್ಲೆ ಕಪ್ಪಾಗೈತೆ" ಅಂದರು.

ಆಗ ತಿಳಿಯಿತು ಅದೇನು ಎಂದು. ಒಳಗಿನ ಕಪ್ಪು ಪೊಟ್ಟಣದಲ್ಲಿ ಫೋಟೋ ತೆಗೆಯುವಂಥ ಒಂದು ಚೂರು ಫಿಲ್ಮು. ಅಲ್ಲಿ ಕಣ್ಣಿಗೆ ಕಾಣದ ಒಂದು ಕಿರಣವಂತೆ. ಅದು ಮೈಗೆ ತಾಗಿದರೆ ನೋವಿಲ್ಲ, ಉರಿಯಿಲ್ಲ. ಫಿಲ್ಮಿಗೆ ಮಾತ್ರ ಗೊತ್ತಾಗುತ್ತದೆ, ಎಷ್ಟು ತಾಗಿತೋ ಅಷ್ಟು ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ಎಲ್ಲರ ಫಿಲ್ಮೂ ತೆಗೆದು ಕತ್ತಲೆಕೋಣೆಯಲ್ಲಿ ತೊಳೆದು, ಕಪ್ಪು ಎಷ್ಟು ಎಂದು ಅಳೆದು ಬರೆದಿಡುವುದು ಉಚ್ಚಂಗಪ್ಪನವರ ಕೆಲಸ. ಎಲ್ಲರದೂ ತಿಳಿಯಾಗಿತ್ತು. ನಮ್ಮವರದು ಮಾತ್ರ ಬಾಣಲೆಯ ತಳದ ಹಾಗೆ ಬಂದಿತ್ತು. ಮೇಲಿನವರು ರಕ್ತ ತೆಗೆದು ನೋಡಿದರು. ರಕ್ತ ಸರಿಯಿತ್ತು. ಆದರೂ ರಕ್ತ ಒಂದನ್ನೇ ನಂಬಲಾಗದು, ಕಾರಣ ಗೊತ್ತಾಗುವವರೆಗೆ ಒಳಗೆ ಕಾಲಿಡಬೇಡ ಎಂದು ಕಳಿಸಿದ್ದರು.

"ಆ ತಿಂಗಳಲ್ಲೇ ಅಲ್ವೇನೇ ನಾನು ಬಂದಿದ್ದು" ಅಂದರು. "ಹುಟ್ಟೋ ಕೂಸಿಗೆ ಕೈಕಾಲು ಹ್ಯಾಗಿರ್ತಾವೋ."

ನಾನು ಬಾವಿಯ ಹಗ್ಗ ಹಿಡಿದು ನಿಂತೆ. ನನಗೆ ದೇವರ ಜಗಲಿಯ ನೆನಪು ಬರಲೇ ಇಲ್ಲ. ಕಿರಣದಿಂದ ಕಪ್ಪಾಯಿತು ಅಂದ ಮೇಲೆ ದೀಪದ ಕಡೆಗೆ ಬುದ್ಧಿ ಯಾಕೆ ಹೋಗುತ್ತದೆ? ದೇವರ ಮುಂದಿಟ್ಟು ಪೂಜೆ ಮಾಡಿದರೂ ಹೀಗಾಯಿತಲ್ಲ ಎಂದು ಅಳು ಬಂತು, ಅಷ್ಟೆ.

ಊರಿಗೆ ಗುಟ್ಟು ತಿಳಿಯಲು ಎಷ್ಟು ಹೊತ್ತು? ಬಸ್‌ಸ್ಟ್ಯಾಂಡಿನ ಹೋಟೆಲಿನ ಜಟ್ಟಪ್ಪ ಕೇಳಿದನಂತೆ, "ಸದಾಶಿವಣ್ಣಾ, ಕತ್ತಲೇಲಿ ನಿಮ್ಮ ಮೈ ಮಿಣಮಿಣ ಅಂತೈತಂತೆ ಹೌದಾ? ಬುಡ್ಡಿ ಎಣ್ಣೆ ಉಳೀತು ಬಿಡ್ರಿ!" ಕೂತವರೆಲ್ಲ ನಕ್ಕರು. ಆಮೇಲೆ ಅವನೇ ಇವರು ಕುಡಿದ ಲೋಟವನ್ನು ಬೇರೆ ಇಟ್ಟನಂತೆ.

ಹದಿನೈದು ದಿನದ ಮೇಲೆ ಸೊರಬದ ಬಸ್ಸಿನಿಂದ ಒಬ್ಬರು ಇಳಿದು ಅಂಗಡಿಯಲ್ಲಿ ವಿಚಾರಿಸಿಕೊಂಡು ಮನೆಗೆ ಬಂದರು. ತೆಳ್ಳಗೆ, ಎತ್ತರ, ಮೂವತ್ತರ ಒಳಗಿನ ವಯಸ್ಸು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲ್ಲು. ನಮ್ಮ ಮನೆಯವರನ್ನು ನೋಡಿದವರೇ ಹೋಗಿ ಭುಜ ಹಿಡಿದು ಪಕ್ಕದಲ್ಲಿ ಕೂತರು. ಯಜಮಾನರು ಸರಿದು ಕೂತರು. ಇವರೂ ಸರಿದರು.

"ಎಂತಕ್ಕೆ ದೂರ ಹೋಗ್ತೀಯಾ ಮಾರಾಯ?"

"ನನ್ನ ಮೈಗೆ ತಾಗಿದ್ದು ನಿಮಗೂ..."

"ಬಿಸಿಲಲ್ಲಿ ನಿಂತು ಬಂದವನ ಮೈಯಿಂದ ಬಿಸಿಲು ಬರ್ತದಾ? ನಿನಗೆ ತಾಗಿದೆ ಅಂತಲೇ ಇಟ್ಕೋ, ಅದು ನಿನ್ನಿಂದ ಇನ್ನೊಬ್ಬರಿಗೆ ಹೋಗೋ ಜಾತಿಯದ್ದಲ್ಲ. ಇದನ್ನ ಕೇಳೋಕೆ ನಿನಗೆ ನಾಚಿಕೆ ಆಯ್ತು. ನಾಚಿಕೆಯಿಂದ ಹದಿನೈದು ದಿನ ಹೊರಗೆ ಮಲಗಿದೀಯಂತೆ, ಅಂಗಡಿಯಲ್ಲಿ ನಿಮ್ಮಪ್ಪ ಹೇಳಿದರು."

ಬಾಗಿಲ ಹಿಂದೆ ನಿಂತಿದ್ದ ನನಗೆ ಎದೆಯ ಮೇಲಿನ ಒಂದು ಕಲ್ಲು ಅಲ್ಲೇ ಇಳಿಯಿತು. ಇವರೇ ಉಚ್ಚಂಗಪ್ಪನವರು ಎಂದು ಗೊತ್ತಾಗಿದ್ದೂ ಆಗಲೇ. ಕುಪ್ಪಗಡ್ಡೆಯಲ್ಲಿ ಅವರ ತಾಯಿ ಗುತ್ಯಮ್ಮ ಒಬ್ಬರೇ ಇದ್ದರು. ಅವರನ್ನು ನೋಡುವ ರಜೆಯಲ್ಲಿ ಒಂದು ದಿನ ಉಳಿಸಿಕೊಂಡು ಬಂದಿದ್ದರು.

"ಒಂದು ಮಾತು ನಿಜ ಹೇಳು" ಅಂದರು. "ರಜೆಗೆ ಬರೋವಾಗ ಬಿಲ್ಲೆ ಮನೆಗೆ ತಂದಿದ್ಯಾ?"

"ಇಲ್ಲ."

"ಮೊಳೆಗೆ ಸಿಕ್ಕಿಸಿದ್ದೆಯಾ?"

"ಹೂಂ."

ಉಚ್ಚಂಗಪ್ಪನವರು ತಲೆಯಾಡಿಸಿದರು. ಗದರಲಿಲ್ಲ. ಅವರು ಗದರಿದ್ದನ್ನು ನಾನು ಮುಂದೆಯೂ ಕಾಣಲಿಲ್ಲ. ಅತ್ತೆ ತಂದ ಬೆಲ್ಲ ನೀರು ಕುಡಿದು, ಕೈ ತೊಳೆದರು. ಮೊಣಕೈಯವರೆಗೆ, ಉಗುರಿನ ಸಂದಿ ಬಿಡದೆ, ಬಾಣಂತಿ ಮನೆಗೆ ಹೋಗುವ ಸೂಲಗಿತ್ತಿಯ ಹಾಗೆ. ಆಮೇಲೆ ಕೇಳಿದರು, "ಮನೇಲಿ ವಿಭೂತಿ ಉಂಟಾ ಅಮ್ಮಾ?"

ಅತ್ತೆಗೆ ಅವಮಾನವಾದ ಹಾಗಾಯಿತು. "ಅದೆಂಥ ಮಾತು ಕೇಳ್ತೀರಿ? ವಿಭೂತಿ ಇಲ್ಲದ ಮನೆ ಅನ್ಕಂಡ್ರಾ ಇದು?"

ವಿಭೂತಿ ಗಟ್ಟಿ ಬಂತು. ಉಚ್ಚಂಗಪ್ಪನವರು ತಮ್ಮ ಕರಿಕೊಡೆಯನ್ನು ಮಡಿಚಿ ತೊಡೆಯ ಮೇಲಿಟ್ಟು, ಅದರ ಬಟ್ಟೆಯ ಮೇಲೆ ಆ ಗಟ್ಟಿಯಿಂದ ಚೂರು ಉದುರಿಸಿದರು. ಜೇಬಿನಿಂದ ಒಂದು ಪುಟ್ಟ ಕಾಗದದ ಪೊಟ್ಟಣ ತೆಗೆದು ಅದರಲ್ಲಿದ್ದ ಬಿಳಿಪುಡಿಯನ್ನು ಪಕ್ಕದಲ್ಲಿ ಉದುರಿಸಿದರು. ಎರಡೂ ಒಂದೇ.

"ಇದು ನಿನ್ನ ಬಿಲ್ಲೆಯ ಕೊಂಡಿ ಸಂದಿಯಲ್ಲಿ ಇತ್ತು. ಅಲ್ಲಿನವರು ಯಾವುದೋ ವಿಷದ ಪುಡಿ ಅಂತ ಹೆದರಿ ಕಿರಣ ಅಳೆಯೋ ಯಂತ್ರ ಹಿಡಿದರು, ಯಂತ್ರ ಸುಮ್ಮನಿತ್ತು. ಅವರಿಗೆ ಗುರುತು ಸಿಗಲಿಲ್ಲ. ನನಗೆ ಸಿಕ್ಕಿತು. ನಮ್ಮ ಊರಲ್ಲಿ ಅರ್ಧ ಹಣೆಗಳ ಮೇಲೆ ಇದೇ ಇರೋದು."

ಯಜಮಾನರು ತಲೆ ತಗ್ಗಿಸಿದರು.

"ಇನ್ನೊಂದು ಹೇಳ್ತೇನೆ ಕೇಳು. ಬಿಲ್ಲೆಯೊಳಗೆ ಬೇರೆ ಬೇರೆ ತಗಡಿನ ತುಂಡು ಉಂಟು. ಕಿರಣ ಹಾಯ್ದರೆ ಆ ತುಂಡುಗಳ ನೆರಳು ಫಿಲ್ಮಿನ ಮೇಲೆ ಬೀಳಬೇಕು. ನಿನ್ನದರಲ್ಲಿ ನೆರಳೇ ಇಲ್ಲ. ಬಹಳ ಜೋರಿನ ಕಿರಣವಾದರೆ ನೆರಳು ಬೀಳದೆಯೂ ಇರಬಹುದು ಅಂತ ನಮ್ಮ ಸಾಹೇಬರ ವಾದ. ಬಿಲ್ಲೆ ಗೇಟಿನಲ್ಲೇ ಇತ್ತು ಅಂತ ನೀನು ಬೇರೆ ಬರೆದುಕೊಟ್ಟಿದೀಯ. ಅಕ್ಕಪಕ್ಕದ ಮೊಳೆಯವು ತಿಳಿಯಾಗಿವೆ. ಹಾಗಾದರೆ ನೀನು ಒಳಗೇ ಎಲ್ಲೋ ಸುಟ್ಟುಕೊಂಡಿದೀಯ ಅಂತಾಯ್ತು. ನಿನ್ನ ಮಾತೇ ನಿನ್ನನ್ನ ರೋಗಿ ಮಾಡ್ತಾ ಇದೆ. ಸುಳ್ಳು ಹೇಳೋರ ಫಿಲ್ಮು ನನಗೆ ಓದೋಕೆ ಬರೋದಿಲ್ಲ ಮಾರಾಯ."

ನಾನು ಬಾಗಿಲು ದಾಟಿ ಹೊರಗೆ ಬಂದೆ. ಪರಗಂಡಸರ ಮುಂದೆ ನಾನಾಗಿ ಮಾತಾಡಿದ್ದು ಅದೇ ಮೊದಲು.

"ತಂದಿದ್ರು ಅಣ್ಣಾರೆ. ನಾನೇ ದೇವ್ರ ಜಗಲಿ ಮ್ಯಾಲೆ ಇಟ್ಟಿದ್ದೆ."

"ಸುಮ್ನಿರೇ!" ಯಜಮಾನರು ಎದ್ದು ನಿಂತರು. "ಕೆಲ್ಸ ಹೋಗ್ತೈತೆ."

"ಹೋಗ್ಲಿ ಬಿಡ್ರಿ. ಗಜ ಹಿಡೀರಿ" ಅಂದೆ. "ನನಗೆ ಕೂಸು ಬೇಕು."

ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ನಿಲ್ಲಿಸಲಿಲ್ಲ, ನಂದಾದೀಪ, ನಾಲ್ಕು ಬೆರಳು, ವಿಭೂತಿ, ಸೇವಂತಿಗೆ ಎಲ್ಲ ಹೇಳಿದೆ. ತಗಡು ಬೆಚ್ಚಗಿತ್ತು ಅಂದ ಕೂಡಲೇ ಉಚ್ಚಂಗಪ್ಪನವರು ಬರೆದುಕೊಳ್ಳುತ್ತಿದ್ದ ಪೆನ್ಸಿಲ್ಲು ನಿಂತಿತು.

"ಎಷ್ಟು ಬೆಚ್ಚಗೆ ತಂಗೀ?"

"ಆಗಷ್ಟೇ ಬೇಯಿಸಿದ ಅನ್ನದ ಪಾತ್ರೆ ಹೊರಗಿಂದ ಮುಟ್ಟಿದ ಹಾಗೆ."

ಅವರು ನಕ್ಕರು. ನೋಡಿದರೆ ಕಣ್ಣು ಒದ್ದೆಯಾಗಿತ್ತು. "ಶಾಖಕ್ಕೂ ಫಿಲ್ಮು ಕಪ್ಪಾಗ್ತದೆ" ಅಂದರು. "ಆದರೆ ನಾನು ಹೇಳಿದರೆ ಸಾಲದು, ನೀನು ಹೇಳಿದರೂ ಸಾಲದು. ಮಾಡಿ ತೋರಿಸಬೇಕು."

ಚೀಲದಿಂದ ಎರಡು ಹೊಸ ಬಿಲ್ಲೆ ತೆಗೆದರು. ವಿಭೂತಿಯ ಅನುಮಾನ ಇದ್ದುದರಿಂದ ಸಾಹೇಬರ ಒಪ್ಪಿಗೆ ಪಡೆದೇ ತಂದಿದ್ದರು. ಒಂದನ್ನು ನಾನು ಅವತ್ತು ಇಟ್ಟ ಜಾಗದಲ್ಲೇ ಇಡಬೇಕು, ಅದೇ ಹಣತೆ, ಅದೇ ಬತ್ತಿ, ಒಂಬತ್ತು ದಿನ ಆರಬಾರದು. ಇನ್ನೊಂದನ್ನು ಅಕ್ಕಿಯ ಮಡಕೆಯಲ್ಲಿ ತಣ್ಣಗೆ ಹುಗಿಯಬೇಕು. ಅತ್ತೆ ತಕರಾರು ತೆಗೆದರು.

"ನವರಾತ್ರಿ ಅಲ್ಲ, ಏನಲ್ಲ, ನಂದಾದೀಪ ಹಚ್ಚೋದು ಅಂದ್ರೆ ಆಟನಾ?"

"ನಿಮ್ಮ ಮಗನ ಸಲುವಾಗಿ ಒಂದು ಹರಕೆ ಅನ್ಕೊಳ್ಳಿ ಅಮ್ಮಾ" ಅಂದರು ಉಚ್ಚಂಗಪ್ಪನವರು. ಅತ್ತೆ ಎಣ್ಣೆ ಡಬ್ಬ ತರಲು ಎದ್ದರು.

ಆ ಒಂಬತ್ತು ದಿನ ನಾವು ಮೂವರೂ ಸರದಿಯಲ್ಲಿ ದೀಪ ಕಾದೆವು. ಯಜಮಾನರು ಒಳಗೆ ಬಂದು ಜಗಲಿಯ ಮುಂದೆಯೇ ಚಾಪೆ ಹಾಕಿಕೊಂಡರು. ಬತ್ತಿ ಸರಿಪಡಿಸುವ ಕಡ್ಡಿ ಅವರ ಕೈಯಿಂದ ನನ್ನ ಕೈಗೆ ಬರುವಾಗ ಈಗ ಅವರು ಕೈ ಹಿಂದಕ್ಕೆ ತೆಗೆಯುತ್ತಿರಲಿಲ್ಲ. ಪೂಜೆಗಿಂತ ಹೆಚ್ಚಿನ ಮಡಿಯಿಂದ ಕಾದೆವು ಅನ್ನಬೇಕು. ಹತ್ತನೇ ದಿನ ಉಚ್ಚಂಗಪ್ಪನವರು ಬೊಂಬಾಯಿಗೆ ಹಿಂತಿರುಗುವ ದಾರಿಯಲ್ಲಿ ಬಂದು ಎರಡೂ ಬಿಲ್ಲೆಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಕೊಂಡರು. ಜೊತೆಗೆ ಯಜಮಾನರ ಕೈಯಿಂದ ನಿಜವನ್ನು ಬರೆಸಿಕೊಂಡರು. ಕೊನೆಗೆ ನನ್ನ ಸಹಿಯೂ ಬೇಕು ಅಂದರು. "ಇಟ್ಟವಳು ನೀನಲ್ವಾ? ಸಾಕ್ಷಿ ನಿಂದೇ." ನೀಲಾಂಬಿಕ ಎಂದು ಬರೆಯುವಷ್ಟರಲ್ಲಿ ನನಗೆ ಬೆವರು ಬಂದಿತ್ತು.

ಎರಡು ವಾರಕ್ಕೆ ಲಕೋಟೆ ಬಂತು. ಮೇಲೆ ನನ್ನ ಹೆಸರು. ನನ್ನ ಹೆಸರಿಗೆ ಅದುವರೆಗೆ ಒಂದೇ ಒಂದು ಕಾಗದ ಬಂದಿರಲಿಲ್ಲ. ಒಳಗೆ ಉಗುರಗಲದ ಎರಡು ಚೂರು ಫಿಲ್ಮು, ದುಂಡಗಿನ ಅಕ್ಷರದ ನಾಲ್ಕು ಸಾಲು. "ತಂಗಿಗೆ ಆಶೀರ್ವಾದ. ದೀಪದ ಪಕ್ಕದ್ದು ಹಳೆಯದರಷ್ಟೇ ಕಪ್ಪು ಬಂದಿದೆ, ನೆರಳಿಲ್ಲ. ಅಕ್ಕಿ ಮಡಕೆಯದು ಗಾಜಿನ ಹಾಗೆ ತಿಳಿಯಾಗಿದೆ. ಸಾಹೇಬರು ಒಪ್ಪಿದರು. ಸದಾಶಿವನಿಗೆ ಯಾವ ಕಿರಣವೂ ತಾಗಿಲ್ಲ. ಕೂಸಿನ ಚಿಂತೆ ಬಿಡು."

ನಾನು ಅದನ್ನು ಓದಿ ಮುಗಿಸುವುದರೊಳಗೆ ಅತ್ತೆ ಜಗಲಿಯ ಮುಂದೆ ಅಡ್ಡಬಿದ್ದಿದ್ದರು. ಯಜಮಾನರು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾವೊಮ್ಮೆ ಓದಿದರು, ಮತ್ತೊಮ್ಮೆ ಓದಿದರು, ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ಅವತ್ತು ಸಾಯಂಕಾಲ ಜಟ್ಟಪ್ಪನ ಹೋಟೆಲಿಗೆ ಹೋಗಿ, ಬೇರೆ ಇಟ್ಟಿದ್ದ ಲೋಟವನ್ನೇ ಕೇಳಿ ಅದರಲ್ಲೇ ಕಾಫಿ ಕುಡಿದು ಬಂದರು.

ಕೆಲಸ ಹೋಗಲಿಲ್ಲ. ಸುಳ್ಳು ಬರೆದುಕೊಟ್ಟಿದ್ದಕ್ಕೆ ಸಾಹೇಬರು ಚೆನ್ನಾಗಿ ಉಗಿದು, ಇನ್ನೊಮ್ಮೆ ಹೀಗಾದರೆ ಮನೆಗೆ ಎಂದು ಬರೆದು ಕೊಟ್ಟರಂತೆ. ಗೇಟಿನ ಹಲಗೆಯ ಪಕ್ಕದಲ್ಲಿ ಉಚ್ಚಂಗಪ್ಪನವರು ಒಂದು ಹೊಸ ಸೂಚನೆ ಅಂಟಿಸಿದರು, ನಾಲ್ಕು ಭಾಷೆಯಲ್ಲಿ. ಬಿಲ್ಲೆಯನ್ನು ಮನೆಗೆ ಒಯ್ಯಬಾರದು, ಬಿಸಿಲಿನಲ್ಲಿ ಇಡಬಾರದು, ಒಲೆಯ ಬಳಿ ಇಡಬಾರದು. ಕನ್ನಡದಲ್ಲಿ ಮಾತ್ರ ಇನ್ನೂ ಒಂದು ಸಾಲಿತ್ತಂತೆ: ಪೂಜೆ ಮಾಡಬಾರದು.

ಮುಂದಿನ ಆಷಾಢದಲ್ಲಿ ಸೊರಬದ ನನ್ನ ತವರಿನಲ್ಲಿ ಮಗಳು ಹುಟ್ಟಿದಳು. ತಿಂಗಳೊಳಗೆ ಉಚ್ಚಂಗಪ್ಪನವರು ಕುಪ್ಪಗಡ್ಡೆಯಿಂದ ಕೊಡೆ ಹಿಡಿದು ಬಂದರು. ಕೂಸಿನ ಮುಷ್ಟಿಯನ್ನು ಒಂದು ಬೆರಳಿನಿಂದ ಬಿಡಿಸಿ ನೋಡಿದರು.

"ಎಣಿಸಿದ್ಯಾ ತಂಗೀ?"

"ಇಲ್ಲಣ್ಣಾ. ನೀವು ಹೇಳಿದ ಮ್ಯಾಲೆ ಎಣಿಸೋದು ಯಾಕೆ?"

"ಸುಳ್ಳು" ಅಂದರು. ಹೌದು, ಸುಳ್ಳೇ. ಹುಟ್ಟಿದ ಗಳಿಗೆಯಲ್ಲೇ ಕೈಬೆರಳು, ಕಾಲ್ಬೆರಳು ಎರಡೆರಡು ಸಲ ಎಣಿಸಿದ್ದೆ.

ಆಮೇಲೆ ನಾವು ಬೊಂಬಾಯಿಗೆ ಹೋದೆವು. ಭಾನುವಾರ ಅವರಿಗೆ ನಮ್ಮ ಮನೆಯಲ್ಲೇ ರೊಟ್ಟಿ. ಬಾಗಿಲಲ್ಲಿ ಮೊದಲು ನೋಡುತ್ತಿದ್ದುದು ಯಜಮಾನರ ಜೇಬನ್ನು, ಆಮೇಲೆ ಮುಖವನ್ನು. ಅವರ ಕೆಲಸದಲ್ಲಿ ಏನೂ ಆಗದಿದ್ದರೆ ಅದೇ ಗೆಲುವು, ಹಾಗಾಗಿ ಅವರನ್ನು ಯಾರೂ ಹೊಗಳಿದ್ದು ನಾನು ಕೇಳಲಿಲ್ಲ. "ಇವತ್ತೂ ಎಲ್ಲ ತಿಳಿ" ಎಂದು ಹೇಳಿ ರೊಟ್ಟಿ ಮುರಿಯುವರು. ಅದೇ ಅವರ ಸಂತೋಷ. ನಮ್ಮ ಯಜಮಾನರು ಎಪ್ಪತ್ತೊಂದು ವರ್ಷ ಬಾಳಿ, ಮೊಮ್ಮಕ್ಕಳನ್ನು ಕಂಡು, ಮಲಗಿದಲ್ಲೇ ಹೋದರು. ಉಚ್ಚಂಗಪ್ಪನವರು ನಿವೃತ್ತಿಯಾಗಿ ಸೊರಬಕ್ಕೆ ಬಂದು ನೆಲೆಸಿದ್ದರು. ಯಜಮಾನರು ಹೋದ ದಿನ ಬಂದು ನನ್ನ ಪಕ್ಕದಲ್ಲಿ ಕೂತಿದ್ದರು.

ಅವರನ್ನು ಕಡೆಯ ಸಲ ನೋಡಿದ್ದು ಶಿಕಾರಿಪುರದ ಒಂದು ಆಸ್ಪತ್ರೆಯಲ್ಲಿ. ಎದೆಯಲ್ಲಿ ಕಫ ಕಟ್ಟಿ, ಎಂಬತ್ತು ದಾಟಿದ ಮೈ ಹಗುರವಾಗಿ ಹೋಗಿತ್ತು. ಆಗಷ್ಟೇ ಎಕ್ಸ್‌ರೇ ತೆಗೆಸಿ ಕರೆತಂದು ಮಲಗಿಸಿದ್ದರು. ನನ್ನ ಗುರುತು ಹಿಡಿದು ಕೈ ಬೀಸಿ ಹತ್ತಿರ ಕರೆದರು. ನೀರು ಕೇಳುತ್ತಾರೇನೋ ಎಂದು ಬಗ್ಗಿದೆ.

"ತಂಗೀ, ಒಳಗೆ ಫೋಟೋ ತೆಗೆದಳಲ್ಲ ಆ ಹೆಣ್ಣುಮಗಳು, ಅವಳ ಎದೆ ಮೇಲೆ ಬಿಲ್ಲೆ ಇತ್ತಾ? ನನ್ನ ಕನ್ನಡಕ ತೆಗೆಸಿಬಿಟ್ಟಿದ್ದರು, ಕಾಣಲಿಲ್ಲ. ಹೋಗಿ ನೋಡಿ ಬಾ."

ಹೋಗಿ ನೋಡಿದೆ. ಆ ಹೆಣ್ಣುಮಗಳ ಕೋಟಿನ ಜೇಬಿಗೆ ಒಂದು ಬಿಲ್ಲೆ ಸಿಕ್ಕಿಸಿತ್ತು. ನಮ್ಮ ಕಾಲದ ತಗಡಿನದಲ್ಲ, ಆದರೂ ಗುರುತು ಸಿಕ್ಕಿತು. ಬಂದು ಹೇಳಿದೆ, "ಐತಣ್ಣಾ."

ಕಣ್ಣು ಮುಚ್ಚಿ ಸಮಾಧಾನದಿಂದ ಉಸಿರು ಬಿಟ್ಟರು. ನಿದ್ದೆ ಹತ್ತಿತು ಅಂದುಕೊಂಡೆ. ಮತ್ತೆ ಕಣ್ಣು ಬಿಟ್ಟರು.

"ಮನೆಗೆ ಒಯ್ತಾಳಾ ಅಂತ ಕೇಳಿದ್ಯಾ?"

"ಇಲ್ಲಣ್ಣಾ."

"ಕೇಳಿ ಬಾ."